ಕಂಬಳದಲ್ಲಿ ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲಬೇಕು?

ಕಂಬಳಕ್ಕೆ ಕ್ಯಾಮೆರಾ ತಂದವರೆಲ್ಲ ಓಟದ ಹಿಂದೆ ಬೀಳ್ತಾರೆ. ನನಗೆ ಇಷ್ಟ ಕನೆಹಲಗೆ ವಿಭಾಗ. ಅಲ್ಲಿ ಗೆಲುವು ವೇಗದ್ದಲ್ಲ, ಚಿಮ್ಮುವ ನೀರಿನ ಎತ್ತರದ್ದು. ಕೋಣಗಳು ಓಡುವ ಕರೆಗೆ ಅಡ್ಡಲಾಗಿ ಮೇಲೆ ಬಟ್ಟೆ ಕಟ್ಟಿದ್ದಾರಲ್ಲ, ಅದೇ ನಿಶಾನೆ. 6.5 ಕೋಲು, 7.5 ಕೋಲು ಅಂತ ಎತ್ತರ ಲೆಕ್ಕ.

ಈಗ ಓಡಿಸುವವನ ಪಾದ ನೋಡಿ. ಅವನು ನಿಂತ ಹಲಗೆಯ ತೂತುಗಳಿಂದ ಕೆಸರುನೀರು ಕಾರಂಜಿಯಂತೆ ಏಳ್ತಿದೆ. ಶಟರ್ ಸ್ಪೀಡ್ ಸೆಕೆಂಡಿನ 1/1000 ಇಡಿ, ಹನಿ ಹನಿಯೂ ಗಾಳಿಯಲ್ಲೇ ನಿಲ್ಲುತ್ತೆ. ನಿಶಾನೆಯ ಬಟ್ಟೆ ಫ್ರೇಮಿನೊಳಗೇ ಇರಲಿ, ಇಲ್ಲದಿದ್ರೆ ನೀರು ಮುಟ್ಟಿತೋ ಇಲ್ಲವೋ ಗೊತ್ತಾಗೋದು ಹೇಗೆ?

ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮಾತ್ರ ದಾರಿಗಡ್ಡ ನಿಲ್ಲಬೇಡಿ. ಕೋಣಗಳಿಗೆ ಬ್ರೇಕ್ ಇಲ್ಲ ಮಾರಾಯ್ರೆ!

ಒಮ್ಮೆ ಕೋಣಗಳ ಯಜಮಾನರೊಬ್ಬರ ಮನೆಗೆ ಅಂಥ ಫೋಟೋದ ಪ್ರಿಂಟ್ ಒಯ್ದುಕೊಟ್ಟೆ. ನಾನು ಹೆಮ್ಮೆಪಟ್ಟಿದ್ದ ನೀರಿನತ್ತ ಅವರು ನೋಡಲೇ ಇಲ್ಲ. "ಬಲಗಡೆಯವನ ಕಿವಿ ನೋಡಿ, ಹೇಗೆ ನಿಮಿರಿದೆ!" ಅಂದ್ರು. ಕೊಟ್ಟಿಗೆಗೇ ಕರೆದೊಯ್ದು ಕೋಣಗಳನ್ನು ತೋರಿಸಿದ್ರು. ಮೈದಾನದಲ್ಲಿ ಸಿಗದ ಫೋಟೋಗಳು ಅಲ್ಲಿ ಸಿಕ್ಕವು.

ನೀವೂ ತೆಗೆದ ಫೋಟೋ ಫೋನಿನಲ್ಲೇ ಇಟ್ಟುಕೊಳ್ಳಬೇಡಿ. ಒಂದು ಪ್ರಿಂಟ್ ಹಾಕಿಸಿ, ಕೋಣದ ಮನೆಯವರಿಗೆ ತಲುಪಿಸಿ.