ಭತ್ತದ ಸೀಮೆಯಿಂದ ಬಂದ ಶಿಬಿರಾಗ್ನಿಯ ಹಾಡು

ಸ್ಕೌಟು ಮತ್ತು ಗೈಡು ಮಕ್ಕಳ ಶಿಬಿರಗಳಲ್ಲಿ ಕತ್ತಲಾದ ಮೇಲೆ ಬೆಂಕಿ ಹಾಕಿ, ಅದರ ಸುತ್ತ ಕುಳಿತು ಹಾಡುವ ಪದ್ಧತಿ ಉಂಟು. ಇದಕ್ಕೆ ಶಿಬಿರಾಗ್ನಿ ಎಂದು ಹೆಸರು. ಜಗತ್ತಿನ ಅನೇಕ ದೇಶಗಳಲ್ಲಿ ಇಂತಹ ಬೆಂಕಿಯ ಸುತ್ತ ಹಾಡುವ ಹಾಡುಗಳಲ್ಲಿ ‘ಕುಂಬಾಯಾ’ ಎಂಬುದು ಬಹಳ ಪ್ರಸಿದ್ಧವಾದದ್ದು. ರಾಗ ನಿಧಾನ, ಮಾತು ಕಡಮೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಆದ್ದರಿಂದ ಭಾಷೆ ಬಾರದ ಮಕ್ಕಳೂ ಎರಡನೆಯ ಸಲಕ್ಕೆ ದನಿ ಕೂಡಿಸುತ್ತಾರೆ. ಆದರೆ ಆ ಮಾತಿನ ಅರ್ಥ ಕೇಳಿದರೆ ಹೇಳುವವರು ವಿರಳ. ನಮ್ಮ ಕಾಸರಗೋಡು ಸೀಮೆಯ ಮಕ್ಕಳಾದರೆ, “ಇದು ನಮ್ಮ ಕುಂಬಳೆಯ ಹಾಡೇ ಮಾಷ್ಟ್ರೇ?” ಎಂದು ಕೇಳಿಯಾರು!

ಕುಂಬಳೆಗೂ ಈ ಹಾಡಿಗೂ ಸಂಬಂಧವಿಲ್ಲ. ಭತ್ತದ ಗದ್ದೆಗೂ ಅದಕ್ಕೂ ಮಾತ್ರ ಹತ್ತಿರದ ಸಂಬಂಧ ಉಂಟು. ಅದರ ಮೂಲವನ್ನು ಹುಡುಕಿದವರ ಕಥೆಯಲ್ಲಿ ಗಡಿಯಾಚೆ ಬಾಳುವ ನಮ್ಮಂತಹ ಕನ್ನಡಿಗರು ತಿಳಿಯಬೇಕಾದ ಸಂಗತಿಯೂ ಇದೆ. ಕೃಷಿಯ ಪುಟದಲ್ಲಿ ಹಾಡಿನ ವಿಚಾರ ಬರೆಯುವುದಕ್ಕೆ ಕಾರಣ ಇದೇ.

ಉಬ್ಬರದ ನೀರಿನ ಗದ್ದೆಗಳು

ಅಮೇರಿಕದ ಆಗ್ನೇಯ ಕರಾವಳಿಯಲ್ಲಿ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಎಂಬ ಎರಡು ರಾಜ್ಯಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಮುಖ್ಯ ಬೆಳೆ ಭತ್ತ. ಹೊಳೆಗಳು ಸಮುದ್ರ ಸೇರುವ ಕಡೆ ಉಬ್ಬರದ ಹೊತ್ತಿಗೆ ಕಡಲು ಹೊಳೆಯನ್ನು ಹಿಂದಕ್ಕೆ ಒತ್ತುತ್ತದೆ. ಸಿಹಿನೀರು ಮೇಲೇರಿ ನಿಲ್ಲುತ್ತದೆ. ಉಪ್ಪು ತಲಪದ ಜಾಗವನ್ನು ನೋಡಿ ಅಲ್ಲಿ ಮಣ್ಣಿನ ಕಟ್ಟ ಹಾಕಿ, ತೋಡು ತೆಗೆದು, ಮರದ ತೂಬು ಇಡುತ್ತಿದ್ದರು. ಉಬ್ಬರದಲ್ಲಿ ತೂಬು ತೆರೆದರೆ ಗದ್ದೆಗೆ ನೀರು, ಇಳಿತದಲ್ಲಿ ತೆರೆದರೆ ನೀರು ಹೊರಕ್ಕೆ. ಏತವೂ ಬೇಡ, ಯಂತ್ರವೂ ಬೇಡ. ಬೇಸಗೆಯಲ್ಲಿ ಉಪ್ಪುನೀರು ಹೊಳೆಯಲ್ಲಿ ಮೇಲೇರಿ ಬರುವಾಗ ಕಟ್ಟ ಹಾಕಿ ತಡೆಯುವ ನಮ್ಮ ಕರಾವಳಿಯ ರೈತರಿಗೆ ಈ ಕೆಲಸದ ಸೂಕ್ಷ್ಮ ಹೇಳಿ ತಿಳಿಸಬೇಕಾಗಿಲ್ಲ.

ಆದರೆ ಆ ಕಟ್ಟ ಹಾಕಿದವರು ಗದ್ದೆಯ ಒಡೆಯರಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದ ಗುಲಾಮರು. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಕಡೆಯವರು ಬಹು ಕಾಲದಿಂದ ಭತ್ತ ಬೆಳೆಯುತ್ತಿದ್ದರು. ಆ ಕಡೆಯಿಂದ ಬಂದವರಿಗೆ ಭತ್ತದ ಕೆಲಸ ಗೊತ್ತೆಂದು ಕೆರೊಲಿನಾದ ಸಂತೆಗಳಲ್ಲಿ ಅವರಿಗೆ ಬೇಡಿಕೆ ಹೆಚ್ಚು. ಕುಟ್ಟುವ ಒರಳು ಒನಕೆ, ಕೇರುವ ಹುಲ್ಲಿನ ಗೆರಸೆ, ಇವೆಲ್ಲ ಅವರ ನಾಡಿನ ರೀತಿಯವೇ. ಜಾರ್ಜಿಯಾದ ಡೇರಿಯನ್ ಪಟ್ಟಣದ ಬಳಿ ಆಲ್ಟಮಹಾ ಹೊಳೆಯಲ್ಲಿ ಬಟ್ಲರ್ ದ್ವೀಪ ಎಂಬ ದೊಡ್ಡ ಭತ್ತದ ತೋಟವಿತ್ತು. ೧೮೫೯ರ ಮಾರ್ಚಿ ತಿಂಗಳಲ್ಲಿ ಅದರ ಒಡೆಯನು ಸಾಲ ತೀರಿಸುವುದಕ್ಕಾಗಿ ನಾಲ್ಕುನೂರಕ್ಕೂ ಹೆಚ್ಚು ಜನರನ್ನು ಎರಡೇ ದಿನದಲ್ಲಿ ಸವನ್ನಾ ಪಟ್ಟಣದಲ್ಲಿ ಹರಾಜು ಹಾಕಿದನು. ಆ ದಿನಗಳನ್ನು ಅಲ್ಲಿಯವರು ‘ಅಳುವಿನ ಕಾಲ’ ಎಂದು ನೆನೆಯುತ್ತಾರೆ.

ಈ ಜನರ ಮಕ್ಕಳು ಮೊಮ್ಮಕ್ಕಳಿಗೆ ಗಲ್ಲಾ ಗೀಚೀ ಜನ ಎಂದು ಹೆಸರು. ಆಫ್ರಿಕಾದ ಹಲವು ಭಾಷೆಗಳವರು ಒಂದೇ ಗದ್ದೆಯಲ್ಲಿ ದುಡಿಯುವಾಗ, ಇಂಗ್ಲಿಷು ಮಾತಿನೊಡನೆ ತಮ್ಮ ನುಡಿಯ ಜಾಯಮಾನವನ್ನು ಬೆರೆಸಿ ಅವರು ಒಂದು ಹೊಸ ಭಾಷೆಯನ್ನೇ ಕಟ್ಟಿಕೊಂಡರು. ‘ಕಮ್ ಬೈ ಹಿಯರ್’ ಅಂದರೆ ‘ಇಲ್ಲಿಗೆ ಬಾ’. ಇದನ್ನು ಅವರು ಉಚ್ಚರಿಸುವಾಗ ಕೊನೆಯ ಮಾತು ‘ಯಾ’ ಎಂದು ಕೇಳಿಸುತ್ತದೆ. ‘ಕುಂಬಾಯಾ’ ಆದದ್ದು ಹೀಗೆ. ಕಷ್ಟದಲ್ಲಿರುವ ಒಬ್ಬನು ದೇವರನ್ನು ಕರೆಯುವ ಪ್ರಾರ್ಥನೆ ಅದು.

ಮೇಣದ ಕೊಳವೆಯಲ್ಲಿ ಉಳಿದ ದನಿ

ಈ ಹಾಡು ದಾಖಲೆಗೆ ಬಂದ ಬಗೆ ನೋಡೋಣ. ೧೯೨೬ರಲ್ಲಿ ಉತ್ತರ ಕೆರೊಲಿನಾದ ಅಲಯನ್ಸ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಜೂಲಿಯನ್ ಪಾರ್ಕ್ಸ್ ಬಾಯ್ಡ್ ಎಂಬವರು ಮುಖ್ಯೋಪಾಧ್ಯಾಯರಾಗಿದ್ದರು. ಅವರು ಮಿನ್ನಿ ಲೀ ಎಂಬ ತಮ್ಮ ಶಿಷ್ಯೆಯಿಂದ ಈ ಹಾಡಿನ ಒಂದು ರೂಪವನ್ನು ಬರೆದುಕೊಂಡರು. ಅದೇ ವರ್ಷ ರಾಬರ್ಟ್ ವಿನ್‌ಸ್ಲೋ ಗಾರ್ಡನ್ ಎಂಬ ವಿದ್ವಾಂಸರು ಡೇರಿಯನ್‌ನಲ್ಲಿ ಬಿಡಾರ ಮಾಡಿ, ಆ ಸೀಮೆಯ ಹಾಡುಗಳನ್ನು ಮೇಣದ ಕೊಳವೆಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಅಂದಿನ ಯಂತ್ರದಲ್ಲಿ ಒಂದು ಕೊಳವೆಗೆ ಹಿಡಿಯುವುದು ಕೆಲವೇ ನಿಮಿಷಗಳ ಹಾಡು. ಹಾಗೆ ಮುದ್ರಿತವಾದ ಒಂದು ಕೊಳವೆಯಲ್ಲಿ ಎಚ್. ವೈಲಿ ಎಂಬ ಹಾಡುಗಾರರ ದನಿಯಲ್ಲಿ ಈ ಪ್ರಾರ್ಥನೆ ಇದೆ. ೧೯೨೮ರಲ್ಲಿ ಅಮೇರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಜನಪದ ಹಾಡುಗಳ ಭಂಡಾರ ಸ್ಥಾಪನೆಯಾದಾಗ ಗಾರ್ಡನ್ನರೇ ಅದರ ಮೊದಲ ಮುಖ್ಯಸ್ಥರಾದರು. ಕೊಳವೆಯೂ ಅಲ್ಲಿ ಸೇರಿ ಭದ್ರವಾಗಿ ಉಳಿಯಿತು.

ಹಕ್ಕು ಹೇಳಿದವರು

ಇತ್ತ ಮಾರ್ವಿನ್ ಫ್ರೇ ಎಂಬ ಬಿಳಿಯ ಧರ್ಮಪ್ರಚಾರಕರು, ಈ ಹಾಡನ್ನು ತಾವೇ ೧೯೩೬ರ ಸುಮಾರಿಗೆ ಕಟ್ಟಿದ್ದಾಗಿ ಹೇಳಿಕೊಂಡರು. ೧೯೩೯ರಲ್ಲಿ ಅದರ ಸಾಹಿತ್ಯವನ್ನು ಅಚ್ಚು ಹಾಕಿಸಿದ್ದರು. ತಮ್ಮ ಹಾಡನ್ನು ಪಾದ್ರಿಗಳ ಸಂಸಾರವೊಂದು ಆಫ್ರಿಕಾಕ್ಕೆ ಒಯ್ದಿತು, ಅಲ್ಲಿಯ ಬಾಯಲ್ಲಿ ‘ಕುಂಬಾಯಾ’ ಆಗಿ ತಿರುಗಿ ಬಂತು ಎಂಬುದು ಅವರ ವಿವರಣೆ.

ಹಾಡನ್ನು ಊರೂರಿಗೆ ಹಬ್ಬಿಸಿದ್ದು ಒಹಾಯೋ ರಾಜ್ಯದ ಒಂದು ಸಹಕಾರಿ ಪ್ರಕಾಶನ. ಶಿಬಿರಗಳಿಗೆ, ಇಗರ್ಜಿಗಳಿಗೆ, ರೈತ ಮಕ್ಕಳ ಸಂಘಗಳಿಗೆ ಬೇಕಾದ ಕಿಸೆಯಷ್ಟೇ ಗಾತ್ರದ ಹಾಡಿನ ಪುಸ್ತಕಗಳನ್ನು ಅದು ಅಚ್ಚು ಮಾಡುತ್ತಿತ್ತು. ೧೯೫೦ರ ದಶಕದಲ್ಲಿ ‘ಕುಂಬಾಯಾ’ ಆ ಪುಸ್ತಕಗಳನ್ನು ಸೇರಿತು. ಇದು ಆಫ್ರಿಕಾದ ಅಂಗೋಲಾ ದೇಶದ ಹಾಡೆಂಬ ಮಾತೂ ಜೊತೆಯಲ್ಲಿ ಹಬ್ಬಿತು. ೧೯೫೭ರಲ್ಲಿ ‘ಫೋಕ್‌ಸ್ಮಿತ್ಸ್’ ಎಂಬ ಕಾಲೇಜು ಹುಡುಗರ ತಂಡ ಬೇಸಗೆಯ ಶಿಬಿರಗಳನ್ನು ಸುತ್ತಿ ಹಾಡಿ, ಅದರ ಗ್ರಾಮಫೋನು ತಟ್ಟೆಯನ್ನೂ ತಂದಿತು. ಮುಂದೆ ಪೀಟ್ ಸೀಗರ್ ಹಾಡಿದರು. ೧೯೬೨ರಲ್ಲಿ ಜೋನ್ ಬಾಯೆಜ್ ಅವರ ತಟ್ಟೆಯಲ್ಲೂ ಬಂತು. ಕರಿಯರ ಪೌರಹಕ್ಕಿನ ಚಳವಳಿಯಲ್ಲಿಯೂ ಇದನ್ನು ಹಾಡಿದರು.

ಹಾಡು ಬೆಳೆಯಿತು, ಹಾಡಿದವರ ಹೆಸರು ಮರೆಯಿತು. ಕಾಲ ಕಳೆದಂತೆ ಅಮೇರಿಕದ ರಾಜಕಾರಣಿಗಳು, ಕೈ ಕೈ ಹಿಡಿದು ಕುಳಿತರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವ ಭೋಳೆತನಕ್ಕೆ ಈ ಹಾಡಿನ ಹೆಸರನ್ನೇ ಹೇಳಿ ನಗಾಡತೊಡಗಿದರು. ನೊಂದವರ ಮೊರೆ ಪರಿಹಾಸ್ಯದ ಮಾತಾಯಿತು.

ತಾರೀಕು ಹೇಳಿದ ಸಾಕ್ಷ್ಯ

ಈ ಗೋಜಲನ್ನು ಬಿಡಿಸಿದ್ದು ಹಳೆಯ ದಾಖಲೆಗಳು. ಕಾಂಗ್ರೆಸ್ ಗ್ರಂಥಾಲಯದ ಜಾನಪದ ವಿದ್ವಾಂಸ ಸ್ಟೀಫನ್ ವಿನಿಕ್ ಅವರು ಕೊಳವೆಯನ್ನೂ ಬಾಯ್ಡ್ ಅವರ ಬರಹವನ್ನೂ ಪರಿಶೀಲಿಸಿ ೧೯೧೦ರ ಆಚಿನ ಒಂದು ಶತಮಾನದ ಬಳಿಕ, ಅಂದರೆ ೨೦೧೦ರಲ್ಲಿ, ಲೇಖನ ಬರೆದರು. ಲೆಕ್ಕ ಸರಳವಾದದ್ದು. ಫ್ರೇಯವರು ಹುಟ್ಟಿದ್ದು ೧೯೧೮ರಲ್ಲಿ. ವೈಲಿಯವರ ದನಿ ಮೇಣಕ್ಕೆ ಇಳಿದ ೧೯೨೬ರಲ್ಲಿ ಅವರು ಎಂಟು ವರ್ಷದ ಬಾಲಕ. ಇನ್ನು ಅಂಗೋಲಾದ ಮಾತು. ‘ಯಾ’ ಎಂಬ ಉಚ್ಚಾರಣೆ ಅಮೇರಿಕದ ಕರಾವಳಿಯಲ್ಲೇ ಇರುವಾಗ ಅದನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾಗಿಲ್ಲ. ದಕ್ಷಿಣ ಕೆರೊಲಿನಾದ ಸಂಗ್ರಾಹಕರು ೧೯೨೨ರಿಂದ ೧೯೩೧ರ ನಡುವೆ ಇದೇ ಹಾಡನ್ನು ಗಲ್ಲಾ ಉಚ್ಚಾರಣೆಯಲ್ಲೇ ಬರೆದುಕೊಂಡದ್ದೂ ಉಂಟು. ಹಾಗಾಗಿ ಇದು ಒಬ್ಬ ಕವಿಯ ರಚನೆಯಲ್ಲ. ಅಮೇರಿಕದ ದಕ್ಷಿಣ ಸೀಮೆಯ ಕರಿಯ ಜನರು ತಮ್ಮ ಪ್ರಾರ್ಥನೆಯಲ್ಲಿ ಬೆಳೆಸಿದ ಹಾಡು. ೨೦೧೭ರಲ್ಲಿ ಜಾರ್ಜಿಯಾ ರಾಜ್ಯದ ಶಾಸನಸಭೆಯಲ್ಲಿ ಇದನ್ನು ರಾಜ್ಯದ ಮೊದಲ ಐತಿಹಾಸಿಕ ಹಾಡೆಂದು ಗೌರವಿಸಿದರು.

ಒಂದು ಮಾತು ಕೂಡಿಸಿದ ಎರಡು ಊರುಗಳು

ಇದೇ ಸೀಮೆಯ ಇನ್ನೊಂದು ಹಾಡಿನ ಕಥೆ ಇನ್ನೂ ಆಶ್ಚರ್ಯದ್ದು. ಡೇರಿಯನ್ ಇರುವ ಜಿಲ್ಲೆಯಲ್ಲೇ ಹ್ಯಾರಿಸ್ ನೆಕ್ ಎಂಬ ಹಳ್ಳಿ. ೧೯೩೦ರ ದಶಕದ ಆರಂಭದಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಕರಿಯ ಭಾಷಾಪಂಡಿತರು ಅಲ್ಲಿ ಅಮೀಲಿಯಾ ಡಾಲೀ ಎಂಬ ಹೆಂಗಸಿನಿಂದ ಒಂದು ಹಾಡನ್ನು ಮುದ್ರಿಸಿಕೊಂಡರು. ತಾಯಿಂದ ಕಲಿತ ಹಾಡು. ಅರ್ಥ ಆಕೆಗೂ ತಿಳಿಯದು. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆಯದೆಂದು ಆ ದೇಶದ ಒಬ್ಬ ವಿದ್ಯಾರ್ಥಿ ಗುರುತಿಸಿದನು. ದಶಕಗಳ ಬಳಿಕ ವಿದ್ವಾಂಸರು ಮತ್ತೆ ಕೇಳಿದಾಗ, ಹಾಡಿನಲ್ಲಿದ್ದ ಒಂದು ಮಾತು ಮೆಂಡೆಯ ಒಂದು ಸೀಮೆಯಲ್ಲಿ ಮಾತ್ರ ಬಳಕೆಯಲ್ಲಿರುವುದೆಂದು ತಜಿಯೆಫ್ ಕೊರೋಮಾ ಎಂಬ ಭಾಷಾಶಾಸ್ತ್ರಜ್ಞರು ಕಂಡುಕೊಂಡರು. ಆ ಸೀಮೆಯಲ್ಲಿ ಹುಡುಕುತ್ತ ಹೋದಾಗ ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೈಂದು ಜಬಾಟಿ ಎಂಬ ಹೆಂಗಸು ಅದೇ ಹಾಡನ್ನು ಹಾಡಿದಳು. ಸತ್ತವರ ಕ್ರಿಯೆಯಲ್ಲಿ ಹೆಂಗಸರು ಹಾಡುತ್ತಿದ್ದ ಹಾಡು, ಅಜ್ಜಿ ಹೇಳಿಕೊಟ್ಟದ್ದು. ೧೯೯೭ರಲ್ಲಿ ಅಮೀಲಿಯಾಳ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದಳು. ಕಳೆದುಹೋದ ನೆಂಟಸ್ತಿಕೆ ಒಂದು ಹಾಡಿನಿಂದ ತಿರುಗಿ ಸಿಕ್ಕಿತು.

ಪಂಡಿತರು ಹಾಡನ್ನು ಬರೆದುಕೊಳ್ಳುವಾಗ ಅರ್ಥವಾಗದ ಮಾತನ್ನು ತಿದ್ದಿದ್ದರೆ ದಾರಿ ಅಲ್ಲಿಗೇ ಮುಗಿಯುತ್ತಿತ್ತು ಎಂಬುದನ್ನು ಗಮನಿಸಬೇಕು.

ನಮ್ಮ ಗದ್ದೆಯ ಹಾಡುಗಳು

ನಮ್ಮಲ್ಲಿಯೂ ಏಣೆಲು ಬೇಸಾಯದಲ್ಲಿ ನೇಜಿ ನೆಡುವಾಗ ಹೆಂಗಸರು ಓಬೇಲೆ ಹಾಡುತ್ತಿದ್ದರು. ಒಬ್ಬಳು ಹೇಳುವುದು, ಉಳಿದವರು ದನಿ ಕೂಡಿಸುವುದು. ಬಹಳಷ್ಟು ಬೈಲುಗದ್ದೆಗಳು ಅಡಕೆ ತೋಟವಾದವು, ಉಳಿದಲ್ಲಿ ನಾಟಿಯ ಯಂತ್ರ ಬಂತು. ಯಂತ್ರ ಬೇಡವೆಂದು ಹೇಳುವ ರೈತನಿಲ್ಲ. ಬೆನ್ನು ಬಾಗಿಸಿ ನೆಟ್ಟವರಿಗೆ ಅದರ ಬೆಲೆ ಗೊತ್ತು. ಆದರೆ ಕೆಲಸ ಹೋದ ಕಡೆ ಹಾಡೂ ಹೋಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರ ಬೀಸುವ ಕಲ್ಲಿನ ಪದಗಳಿಗೂ, ಕಣದಲ್ಲಿ ಎತ್ತು ಸುತ್ತಿಸುತ್ತ ಹಾಡುವ ಹಂತಿಯ ಪದಗಳಿಗೂ ಇದೇ ಗತಿ.

ಗಡಿಯಾಚೆಯವರಾದ ನಮಗೆ ಇದರಲ್ಲಿ ಇನ್ನೊಂದು ಮಾತು ಉಂಟು. ೧೯೫೬ರ ನವೆಂಬರ ೧ರಂದು ರಾಜ್ಯಗಳ ಗಡಿ ಎಳೆದವರು ನಮ್ಮ ಅಜ್ಜಿಯಂದಿರ ಹಾಡು ಕೇಳಿ ಎಳೆಯಲಿಲ್ಲ. ಒಂದು ಊರಿನಲ್ಲಿ ಯಾವ ಯಾವ ಭಾಷೆಯವರು ಎಷ್ಟು ಕಾಲದಿಂದ ಕೂಡಿ ಬಾಳಿದ್ದಾರೆಂದು ಹೇಳುವ ಸಾಕ್ಷ್ಯ ಗದ್ದೆಯ ಹಾಡಿನಲ್ಲಿರುತ್ತದೆ. ಅದು ಬರಹಕ್ಕೆ ಇಳಿಯದಿದ್ದರೆ ನಾಳೆ ಬೇರೆ ಯಾರೋ ತಮ್ಮದೆಂದರೆ ನಮ್ಮ ಕೈಯಲ್ಲಿ ಏನಿದೆ?

ಈಗ ಮೇಣದ ಕೊಳವೆ ಬೇಡ. ಮನೆಯ ಹುಡುಗನ ಕೈಯಲ್ಲಿರುವ ಮೊಬೈಲು ಸಾಕು. ಮಾಡಬೇಕಾದದ್ದು ಇಷ್ಟೇ:

೧. ಹಾಡಿಸುವ ಮೊದಲು ಹಾಡುವವರ ಒಪ್ಪಿಗೆ ಕೇಳಿರಿ. ಹಾಡಿನ ಮೊದಲಲ್ಲಿ ಅವರ ಹೆಸರು, ಮನೆ, ಊರು, ಪ್ರಾಯ, ತಾರೀಕು ಇಷ್ಟನ್ನೂ ಅವರ ಬಾಯಿಂದಲೇ ಹೇಳಿಸಿರಿ.

೨. ಯಾರಿಂದ ಕಲಿತದ್ದು, ಯಾವ ಕೆಲಸಕ್ಕೆ ಹಾಡುವುದು ಎಂದು ಕೇಳಿ ಬರೆದುಕೊಳ್ಳಿರಿ.

೩. ಹಾಡು ತುಳುವಾಗಲಿ, ಮಲೆಯಾಳವಾಗಲಿ, ಮರಾಟಿ ಬೆರೆತ ಕನ್ನಡವಾಗಲಿ, ಕೇಳಿದ ಹಾಗೆಯೇ ಬರೆಯಿರಿ. ಶುದ್ಧ ಮಾಡಲು ಹೋಗಬೇಡಿರಿ. ಅರ್ಥವಾಗದ ಮಾತಿಗೆ ಗೆರೆ ಎಳೆದಿಡಿರಿ.

೪. ಒಂದೇ ಹಾಡನ್ನು ಎರಡು ಮನೆಯವರು ಬೇರೆ ಬೇರೆ ರೀತಿ ಹಾಡಿದರೆ ಎರಡನ್ನೂ ಇಟ್ಟುಕೊಳ್ಳಿರಿ.

೫. ಮೊಬೈಲು ಹಾಳಾಗುತ್ತದೆ. ಒಂದು ಪ್ರತಿಯನ್ನು ಶಾಲೆಯಲ್ಲೋ ಊರಿನ ವಾಚನಾಲಯದಲ್ಲೋ ಕಾಗದದ ಮೇಲೆ ಬರೆದಿಡಿರಿ.

ಬಾಯ್ಡ್ ಮಾಷ್ಟ್ರು ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸವಲ್ಲ. ಶಿಷ್ಯೆ ಹೇಳಿದ್ದನ್ನು ಬರೆದು, ಅವಳ ಹೆಸರನ್ನೂ ವರ್ಷವನ್ನೂ ನಮೂದಿಸಿದರು. ಆ ಕಾಗದವೇ ಮುಂದೆ ಸಾಕ್ಷಿ ಹೇಳಿತು. ಪಾಪ, ವೈಲಿಯವರ ಸ್ವಂತ ಹೆಸರಿನಲ್ಲಿ ಉಳಿದದ್ದು ‘ಎಚ್.’ ಎಂಬ ಒಂದೇ ಅಕ್ಷರ. ನಮ್ಮ ಗದ್ದೆಗಳಲ್ಲಿ ಹಾಡಿದ ಅಜ್ಜಿಯಂದಿರ ಹೆಸರನ್ನಾದರೂ ನಾವು ಪೂರ್ತಿಯಾಗಿ ಬರೆದಿಡೋಣ. ಈ ಏಣೆಲಿನಲ್ಲಿಯೇ ಅದಕ್ಕೆ ತೊಡಗಬಹುದು.