ನೆಲಗಪ್ಪೆ: ಸಾಕೋದು ಬೇಡ, ಬಿಟ್ಟರೆ ಸಾಕು!

ಮಳೆ ಹಿಡಿಯಿತೆಂದರೆ ಸಂಜೆ ಅಂಗಡಿ ದೀಪದ ಕೆಳಗೆ ಹುಳ. ಹುಳದ ಹಿಂದೆಯೇ ನೆಲಗಪ್ಪೆ. ಕಂಡ ಕೂಡಲೇ ಪೊರಕೆ ಏಟು! ಮೈಮೇಲಿನ ಗಂಟು ನೋಡಿ ‘ಮುಟ್ಟಿದರೆ ನರಹುಲಿ ಏಳುತ್ತೆ’ ಅನ್ನೋ ಭಯ ಬೇರೆ.

ನರಹುಲಿ ಏಳುವುದು ವೈರಸ್‌ನಿಂದ, ಕಪ್ಪೆಯಿಂದಲ್ಲ. ಆದರೆ ಅದರ ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಯಲ್ಲಿ ವಿಷ ಇರುವುದು ನಿಜ. ನಾಯಿ ಬಾಯಿ ಹಾಕಿದರೆ ಜೊಲ್ಲು ಸುರಿಸಿ ಒದ್ದಾಡುತ್ತೆ. ಮುಟ್ಟಿದವರು ಕಣ್ಣುಜ್ಜದೆ ಸೋಪು ಹಾಕಿ ಕೈ ತೊಳೆಯಬೇಕು.

ಇನ್ನು ಮಕ್ಕಳ ಪ್ರೀತಿ. ಹಿಡಿದು ತಂದು, ರಟ್ಟಿನ ಡಬ್ಬಿಯಲ್ಲಿಟ್ಟು ಅನ್ನ ಹಾಕುತ್ತಾರೆ. ಪಾಪ, ಅದು ನಾಲಿಗೆ ಚಾಚುವುದು ಅಲ್ಲಾಡುವ ಹುಳಕ್ಕೆ ಮಾತ್ರ. ಅನ್ನದ ಅಗುಳು ಅದಕ್ಕೆ ಆಹಾರವೇ ಅಲ್ಲ. ನೀರನ್ನೂ ಬಾಯಿಂದ ಕುಡಿಯದೆ ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಒಣ ಡಬ್ಬಿಯಲ್ಲಿ ಅದರ ಗತಿ ಹೇಳಬೇಕಿಲ್ಲ. ಓಡಿಸಲೆಂದು ಎರಚುವ ಉಪ್ಪು, ಬ್ಲೀಚಿಂಗ್ ಪೌಡರ್ ಕೂಡ ಇದೇ ಚರ್ಮದ ಮೂಲಕ ಪ್ರಾಣಕ್ಕೆ ಎರವಾಗುತ್ತವೆ.

ಸಾಕಲೇಬೇಕೆಂಬ ಆಸೆಯಿದ್ದವರಿಗೆ ಪೆಟ್ಟಿಗೆ ಬೇಡ. ಹಿತ್ತಲ ನೆರಳಲ್ಲಿ ಒಂದು ಒಡಕು ಮಡಕೆ ಬೋರಲು ಹಾಕಿ, ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಿದರೆ ಆಯಿತು. ಮನಸ್ಸಿದ್ದರೆ ತಾನೇ ಬಂದು ಕೂರುತ್ತೆ. ಹಗಲೆಲ್ಲ ಮಲಗಿ, ರಾತ್ರಿ ಇರುವೆ, ಗೆದ್ದಲು, ಜಿರಳೆ ಹಿಡಿಯುತ್ತೆ. ಸಂಬಳವಿಲ್ಲದ ಕಾವಲುಗಾರ!

ಮಳೆ ಕೈಕೊಟ್ಟಾಗ ನಮ್ಮ ಜನಕ್ಕೆ ನೆನಪಾಗುವುದು ಕಪ್ಪೆಯೇ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆಯನ್ನೇ ಮಾಡಿಸಿದ್ದರು. ಬರ ಬಂದರೆ ಬಾಸಿಂಗ, ಮಳೆ ಬಂದರೆ ಪೊರಕೆ; ಇದ್ಯಾವ ನ್ಯಾಯ ಸ್ವಾಮಿ?