ಎಂಜಿನ್ ದೀಪ ಹೊತ್ತಿದರೆ ಸೆನ್ಸರ್ ಬದಲಿಸಲೇಬೇಕೆ?

ಕಳೆದ ಮಳೆಗಾಲ ನಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಂಡಿತು. ವರ್ಕ್‌ಶಾಪಿನವರು ಸ್ಕ್ಯಾನರ್ ಜೋಡಿಸಿದರು. ಪಿ0171 ಎಂದು ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸತು ಹಾಕಬೇಕು" ಎಂದುಬಿಟ್ಟರು. ಬಾನೆಟ್ ತೆರೆದಿರಲಿಲ್ಲ!

ಹೊಗೆಕೊಳವೆಯಲ್ಲಿರುವ ಈ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗುರುತಿಸಿ ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ. ಅದರಂತೆ ಪೆಟ್ರೋಲ್ ಹೆಚ್ಚು ಕಡಿಮೆಯಾಗುತ್ತದೆ. ಜರ್ಮನಿಯ ಬಾಷ್ ಸಂಸ್ಥೆ ತಯಾರಿಸಿದ ಇದನ್ನು 1976ರಲ್ಲಿ ಮೊದಲು ವೋಲ್ವೋ ಕಾರುಗಳಿಗೆ ಅಳವಡಿಸಲಾಯಿತು.

ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಷ್ಟೇ ಅರ್ಥ. ಪಿ0135 ಬಂದರೆ ಸೆನ್ಸರನ್ನು ಕಾಯಿಸುವ ಹೀಟರಿನ ಸರ್ಕೀಟಿನಲ್ಲಿ ದೋಷ. ಆಗಲೂ ಮೊದಲು ಫ್ಯೂಸ್, ವಯರ್ ನೋಡಬೇಕು. (ಇಲಿಗಳಿಗೆ ವಯರ್ ಬಹಳ ಇಷ್ಟ.)

ಪರಿಚಯದ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಸಿಮಾಡಿ ವೋಲ್ಟೇಜ್ ನೋಡಿದರು. ಕನ್ವರ್ಟರಿಗಿಂತ ಮುಂದಿರುವ ಸಾಮಾನ್ಯ ಸೆನ್ಸರಿನದ್ದು ಸುಮಾರು 0.1ರಿಂದ 0.9 ವೋಲ್ಟಿನ ನಡುವೆ ಬೇಗ ಬೇಗನೆ ಏರಿಳಿಯಬೇಕು. ಹಿಂದಿನದ್ದು ಅಷ್ಟು ಏರಿಳಿಯದಿರುವುದೇ ಸರಿ. ನಮ್ಮದರಲ್ಲಿ ಮುಂದಿನದ್ದು ಕೆಳಗೇ ನಿಂತಿತ್ತು. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದಾಗ ಥಟ್ಟನೆ ಮೇಲೇರಿತು. ಸತ್ತ ಸೆನ್ಸರ್ ಹಾಗೆ ಏರುತ್ತದೆಯೆ?

ಹುಡುಕಿದರೆ, ಎಂಜಿನಿಗೆ ಗಾಳಿ ಹೋಗುವ ರಬ್ಬರ್ ಕೊಳವೆ ಅಡಿಭಾಗದಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿ ಸ್ಕ್ಯಾನರಿನಲ್ಲಿ ಸಂಖ್ಯೆ ಅಳಿಸಿದೆವು. ದೀಪ ಮತ್ತೆ ಹೊತ್ತಿಲ್ಲ.